ಕಂಟ್ರೋಲರಿನೊಳಗಿನ ವಿಭೂತಿ

ನನ್ನ ಕೈಯಿಂದ ಆದ ತಪ್ಪನ್ನು, ನಾನೇ ಬರೆದು ಸಹಿ ಮಾಡಿ ಒಪ್ಪಿಸಿದ್ದ ತಪ್ಪನ್ನು, ನಾನು ದುಡಿದ ಕಂಪನಿಯವರು ಬಲಗೈ ಇಲ್ಲದ ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಿದರು. ನಾನು ಬರೆದ ಪುಟವನ್ನು ಕಡತದಿಂದ ತೆಗೆದುಹಾಕಿದರು. ತುಂಬಿದ ಸಭೆಯಲ್ಲಿ ಅವಳನ್ನು ನಗೆಗೀಡು ಮಾಡಿದರು. ಅವಳು ಇನ್ನೆಂದೂ ಆಡದಂತೆ ಮಾಡಿದರು. ಇದು ನಡೆದ ಮೇಲೆ ನಾನು ಮೂರು ಪತ್ರ ಬರೆದೆ. ಒಂದಕ್ಕೂ ಲಿಖಿತ ಉತ್ತರವಿಲ್ಲ. ಆದ್ದರಿಂದ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಈ ಬರಹ ಮುಖ್ಯವಾಗಿ ವಿಡಿಯೋ ಗೇಮ್ ಯಂತ್ರಗಳ, ಅಂದರೆ ಕನ್ಸೋಲ್‌ಗಳ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರುವವರಿಗಾಗಿ. ಕೆಲಸದಲ್ಲಿ ನನಗೆ ಸಿಕ್ಕ ಶಾಲು, ಹಾರ, ಪ್ರಮಾಣಪತ್ರಗಳ ಮಾತು ಇಲ್ಲಿ ಬರುವುದಿಲ್ಲ. ಅವು ಪೆಟ್ಟಿಗೆಯಲ್ಲಿವೆ, ಅಲ್ಲಿಯೇ ಇರಲಿ.

ನಾನು ಸಿಂಧನೂರಿನಲ್ಲಿ ರೇಡಿಯೋ ರಿಪೇರಿಯಿಂದ ಆರಂಭಿಸಿದವನು. ಆಮೇಲೆ ಟೇಪ್ ರೆಕಾರ್ಡರ್, ಆಮೇಲೆ ಟಿ.ವಿ., ಅದರ ಹಿಂದೆಯೇ ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್ ಬಂದವು. ಆ ಕಾಲದ ಕಂಟ್ರೋಲರಿನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಸಾಧನದಲ್ಲಿ, ಇದ್ದದ್ದು ಒಂದು ಹಸಿರು ಹಲಗೆ, ಅದರ ಮೇಲೆ ರಬ್ಬರಿನ ಗುಳ್ಳೆಗಳು, ಗುಳ್ಳೆಯ ಅಡಿಗೆ ಕಪ್ಪು ಚುಕ್ಕೆ. ಬಟನ್ ಕೆಲಸ ಮಾಡದಿದ್ದರೆ ಮಕ್ಕಳು ಪೆನ್ಸಿಲ್ ಗೆರೆ ಅಳಿಸುವ ರಬ್ಬರಿನಿಂದ ಹಲಗೆಯನ್ನು ತಿಕ್ಕಿದರೆ ಸಾಕು. ಆಮೇಲೆ ಹೆಬ್ಬೆರಳಿನಿಂದ ತಿರುಗಿಸುವ ಸ್ಟಿಕ್ ಬಂತು. ಅದರ ಒಳಗಿನ ಕರಿ ಪಟ್ಟಿಯ ಮೇಲೆ ಒಂದು ತೆಳು ಲೋಹದ ನಾಲಿಗೆ ಜಾರುತ್ತದೆ. ಪಟ್ಟಿ ಸವೆದರೆ ಅಥವಾ ದೂಳು ಕೂತರೆ, ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಮನುಷ್ಯ ತಾನಾಗಿ ಒಂದು ಕಡೆಗೆ ನಡೆಯತೊಡಗುತ್ತಾನೆ. ಇದಕ್ಕೆ ಆಟಗಾರರು ಡ್ರಿಫ್ಟ್ ಎನ್ನುತ್ತಾರೆ. ನನ್ನ ಕೊನೆಯ ಹತ್ತು ವರ್ಷಗಳ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ.

ಸಿಂಧನೂರಿನಲ್ಲಿ ಕಂಪನಿಯ ಅಧಿಕೃತ ಸೇವಾಕೇಂದ್ರ ತೆರೆದಾಗ ನನ್ನನ್ನು ಕರೆದರು. ಪ್ರತಿ ಬುಧವಾರ ಮಸ್ಕಿ, ಶುಕ್ರವಾರ ಲಿಂಗಸುಗೂರು, ಉಳಿದ ದಿನ ಸಿಂಧನೂರು. ಸಂದರ್ಶನಕ್ಕೆ ಬಂದ ಮೇಲ್ವಿಚಾರಕರ ಹೆಸರು ಬರೆಯುವುದಿಲ್ಲ. ಅದು ಅವರಿಗೆ ಗೊತ್ತು. ಅಂದು ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಚಹಾ ಮೂರು ಕಪ್ ಬಂತು. ಆ ಮೂರು ಕಪ್ ಯಾರ ಯಾರ ಮುಂದೆ ಹೋದವು ಎಂಬುದು ಇಂದಿಗೂ ನನ್ನ ಕಣ್ಣ ಮುಂದಿದೆ. ಅವರು ಒಂದು ಕಂಟ್ರೋಲರನ್ನು ನನ್ನ ಕಡೆಗೆ ತಳ್ಳಿ, "ರೇಡಿಯೋ ಬಿಚ್ಚಿದವರಿಗೆ ಇದೆಲ್ಲ ಅರ್ಥ ಆಗುತ್ತಾ?" ಎಂದರು. ನಾನು ಅದನ್ನು ಬಿಚ್ಚಿ, ಅದರ ಎಡ ಸ್ಟಿಕ್ಕಿನ ಸ್ಪ್ರಿಂಗ್ ಬೇರೆ ಮಾದರಿಯದು, ಯಾರೋ ತಪ್ಪಾಗಿ ಕೂಡಿಸಿದ್ದಾರೆ ಎಂದು ತೋರಿಸಿದೆ. ಕೂಡಿಸಿದವರು ಅವರೇ ಎಂದು ಆಮೇಲೆ ತಿಳಿಯಿತು. ಕೆಲಸ ಸಿಕ್ಕಿತು, ಚಹಾ ಕೊನೆಗೂ ಬರಲಿಲ್ಲ.

ಹೊಸಬರು ತಿಳಿಯಬೇಕಾದ ಮೊದಲ ಸಂಗತಿ: ಕಂಟ್ರೋಲರ್ ಕೆಡುವುದು ಊರಿನ ಗಾಳಿಯಿಂದ. ಸಿಂಧನೂರಿನವುಗಳ ಒಳಗೆ ಅಕ್ಕಿ ಗಿರಣಿಯ ತೌಡು ಇರುತ್ತದೆ. ಬೆವರಿಗೆ ಅದು ಅಂಟಾಗಿ ಬಟನ್ನಿನ ಸುತ್ತ ಗಟ್ಟಿಯಾಗುತ್ತದೆ. ಲಿಂಗಸುಗೂರಿನವುಗಳ ಒಳಗೆ ಒಣ ಕೆಂಪು ದೂಳು. ಅದು ಅಂಟುವುದಿಲ್ಲ, ಉಜ್ಜುತ್ತದೆ. ಮಸ್ಕಿಯವುಗಳಲ್ಲಿ ಎರಡೂ ಸಿಗುತ್ತವೆ. ಇದನ್ನು ನಾನು ವರದಿಯಾಗಿ ಬರೆದು, ಸ್ಟಿಕ್ಕಿನ ಬುಡಕ್ಕೆ ಒಂದು ತೆಳು ರಬ್ಬರ್ ಉಂಗುರ ಹಾಕಬೇಕೆಂದು ಸೂಚಿಸಿದ್ದೆ. ಮೇಲ್ವಿಚಾರಕರು ಅದರ ಅಂಚಿನಲ್ಲಿ "ಗ್ರಾಹಕರು ಮನೆ ಗುಡಿಸಲಿ" ಎಂದು ಬರೆದು ಹಿಂದಿರುಗಿಸಿದರು.

ಎರಡನೆಯ ಸಂಗತಿಯನ್ನು ನನ್ನದೇ ತಪ್ಪಿನಿಂದ ಕಲಿತೆ. ತುರ್ವಿಹಾಳದ ಟ್ರ್ಯಾಕ್ಟರ್ ಚಾಲಕ ಹನುಮಂತ ಎಂಬಾತ ಒಂದು ದಿನ ಕಂಟ್ರೋಲರ್ ತಂದು, "ಕಾಕಾ, ಮನುಷ್ಯಾ ತಾನ ಎಡಕ್ಕ ಹೊಂಟಾನ್ರಿ" ಎಂದ. ನಾನು ಹೊರಗಿನ ಗೀರು ನೋಡಿ, ನೀನು ಕೆಡವಿದ್ದೀಯ ಎಂದೆ.

"ಕೆಡವಿಲ್ರಿ."

"ಗೀರು ಹೆಂಗ ಬಿತ್ತು ಮತ್ತ?"

"ಗೀರು ಟ್ರ್ಯಾಕ್ಟರಿನ್ಯಾಗ ಇಟ್ಟಿದ್ದಕ್ಕ ಬಿದ್ದೈತ್ರಿ. ಕೆಡವಿದ್ರ ಕೆಡವೀನಿ ಅಂತ ಹೇಳ್ತಿದ್ನಿ. ನಿಮ್ಮ ಮುಂದ ಸುಳ್ಳು ಹೇಳಿ ನನಗೇನ ಬರೋದೈತಿ?"

ನಾನು ಬಿಚ್ಚಿ ನೋಡದೆ ಫಾರಂನಲ್ಲಿ "ಕೆಡವಿದ್ದು" ಎಂದು ಬರೆದೆ. ಆತ ಮೂರು ಸಲ ಬಂದ. ಮೂರನೆಯ ಸಲ ಬಿಚ್ಚಿದೆ. ಹಲಗೆ ಸರಿಯಾಗಿತ್ತು, ಒಳಗಿನ ಪಟ್ಟಿ ಕಾರ್ಖಾನೆಯಿಂದಲೇ ಓರೆಯಾಗಿ ಕೂತಿತ್ತು. ಎಲ್ಲರ ಮುಂದೆ ಆತನ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಕಾಕಾ, ದೊಡ್ಡವ್ರು" ಎಂದು ಆತ ಹೋದ. ಆದರೆ ಮತ್ತೆ ನಮ್ಮ ಕೇಂದ್ರಕ್ಕೆ ಬರಲಿಲ್ಲ. ಬಿಚ್ಚಿ ನೋಡದೆ ಬರೆಯಬೇಡಿ. ಬಿಚ್ಚಿ ಕಂಡದ್ದನ್ನೆಲ್ಲ ಬರೆಯಿರಿ. ನಿಮ್ಮ ವಿರುದ್ಧ ಹೋಗುವುದನ್ನೂ ಬರೆಯಿರಿ. ಅಂದಿನಿಂದ ನಾನು ಪ್ರತಿ ವರದಿಗೂ ಪುಟಸಂಖ್ಯೆ ಹಾಕಿ, ಕೆಳಗೆ ಕಾರ್ಬನ್ ಹಾಳೆ ಇಟ್ಟು ಬರೆಯತೊಡಗಿದೆ. ಕೇಂದ್ರದಲ್ಲಿ ಎಲ್ಲರೂ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಇದಕ್ಕಾಗಿ ನನ್ನನ್ನು ನೋಡಿ ನಕ್ಕವರು ಇಬ್ಬರು. ಅವರ ಹೆಸರೂ ನೆನಪಿದೆ.

ಇನ್ನು ಮುಖ್ಯ ಸಂಗತಿ.

ಮಸ್ಕಿಯಲ್ಲಿ ನಾನು ಕೂರುತ್ತಿದ್ದದ್ದು ಖಾಜಾನ ಮೊಬೈಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಖಾಜಾ ಮೂವತ್ತರ ಆಸುಪಾಸಿನವನು, ಮೂರೂ ಊರಿನ ಆಟಗಾರರ ತಂಡಕ್ಕೆ ನಾಯಕ. ಹೊಸ ಕನ್ಸೋಲ್ ಬರುತ್ತದೆಂಬ ಸುದ್ದಿ ಹಬ್ಬಿದಾಗ, ಅದರ ಕಂಟ್ರೋಲರ್ ಹೇಗಿರಬೇಕೆಂದು ಬುಧವಾರದ ಮಧ್ಯಾಹ್ನಗಳಲ್ಲಿ ಅಲ್ಲಿ ವಾದ ಶುರುವಾಯಿತು. ಲಿಂಗಸುಗೂರಿನಿಂದ ಬ್ಯಾಂಕ್ ನೌಕರ ಅಮರೇಶ ರಜೆ ಹಾಕಿ ಬರುತ್ತಿದ್ದ. ಜವಳಗೇರಾದಿಂದ ರೇಣುಕಾ ಬರುತ್ತಿದ್ದಳು.

"ಎಡಗಡೆ ಸ್ಟಿಕ್ ಮ್ಯಾಲೆ ಇರಬೇಕಲೇ," ಎಂದು ಅಮರೇಶ ಶುರುಮಾಡುತ್ತಿದ್ದ. "ಹೆಬ್ಬಟ್ಟು ತಾನಾಗಿ ಹೋಗಿ ಕುಂದ್ರೋದು ಅಲ್ಲೇ."

"ನಿನ್ನ ಹೆಬ್ಬಟ್ಟು ಬ್ಯಾಂಕಿನ್ಯಾಗ ಠಸ್ಸೆ ಒತ್ತಿ ಒತ್ತಿ ಡೊಂಕಾಗೈತಿ," ಎನ್ನುತ್ತಿದ್ದ ಖಾಜಾ. "ಎರಡೂ ಸ್ಟಿಕ್ ಸಮಾ ಇರಬೇಕು. ಮತ್ತ ಬ್ಯಾಟರಿ ಒಳಗ ಬೆಸದು ಕೂಡಿಸಬಾರದು. ಸೆಲ್ ಹಾಕೋ ಹಂಗಿರಬೇಕು. ಕರೆಂಟ್ ಹೋದ್ರ ಚಾರ್ಜ್ ಹೆಂಗ ಮಾಡ್ತಿ?"

"ಕರೆಂಟ್ ಹೋದ್ರ ಟಿ.ವಿ. ಯಾವ ಸೆಲ್ ಮ್ಯಾಲ ನಡಸ್ತೀಪಾ, ಸಾಹೇಬ?"

ನಗು. ಮತ್ತೆ ಜಗಳ. ಆಡುವಾಗ ಕಂಟ್ರೋಲರ್ ಕೊಡುವ ಕಂಪನ ಜೋರಿರಬೇಕೋ ಸಣ್ಣಗಿರಬೇಕೋ, ಸ್ಟಿಕ್ಕಿನೊಳಗೆ ಸವೆಯುವ ಪಟ್ಟಿಯ ಬದಲು ಆಯಸ್ಕಾಂತ ಇಡುತ್ತಾರೋ ಇಲ್ಲವೋ, ಹಿಂಬದಿಯಲ್ಲಿ ಎರಡು ಹೆಚ್ಚಿನ ಬಟನ್ ಕೊಡುತ್ತಾರಂತೆ ಅದು ಖರೆಯೋ ಸುಳ್ಳೋ. ಒಂದು ಬುಧವಾರ ಈ ಹಿಂಬದಿಯ ಬಟನ್‌ಗಳ ವಿಷಯಕ್ಕೆ ಇಬ್ಬರೂ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ, ಮೂಲೆಯಲ್ಲಿ ಕೂತಿದ್ದ ರೇಣುಕಾ ಬಾಯಿ ತೆರೆದಳು.

"ಹಿಂದ ಎರಡು ಬಟನ್ ಕೊಟ್ಟಾರಂತ ಕುಣಿಯಾಕತ್ತೀರಿ. ಅವನ್ನ ಯಾವ ಕೈಲೆ ಒತ್ತಬೇಕು, ಹೇಳ್ರಿ ನೋಡೂಣು."

ಅವಳ ಬಲಗೈ ಮಣಿಕಟ್ಟಿನಿಂದ ಮುಂದಕ್ಕೆ ಇರಲಿಲ್ಲ. ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊಲಿಯುವ ಕೆಲಸಕ್ಕಿದ್ದಾಗ ಯಂತ್ರದ ಪಟ್ಟಾ ಎಳೆದುಕೊಂಡಿತ್ತು. ಆಗ ಅವಳಿಗೆ ಇಪ್ಪತ್ತು. ಈ ಮಾತಾಡಿದಾಗ ಇಪ್ಪತ್ತನಾಲ್ಕು. ಖಾಜಾ, ಅಮರೇಶ ಇಬ್ಬರೂ ತಲೆ ತಗ್ಗಿಸಿದರು.

"ಮೋತಿ ಸಪ್ಪಗ ಮಾಡಬ್ಯಾಡ್ರಿ," ಎಂದಳು. "ನಿಮ್ಮ ಜಗಳಾ ಹತ್ತು ಬೆರಳಿಂದು. ನನ್ನ ಹಂತ್ಯಾಕ ಐದ ಅದಾವ. ಐದು ಬೆರಳಿಂದು ಯಾರರ ಮಾತಾಡ್ತಾರೇನು ಅಂತ ಕುಂತೀನಿ."

ಅಲ್ಲಿಯವರೆಗೆ ಅವಳು ಆಡುತ್ತಿದ್ದ ರೀತಿ ಹೀಗೆ: ಕಂಟ್ರೋಲರನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿ, ಎಡ ಭಾಗವನ್ನು ಎಡಗೈಯಿಂದ ನಡೆಸಿ, ಬಾಗಿ ಬಲ ಸ್ಟಿಕ್ಕನ್ನು ಗದ್ದದಿಂದ ತಿರುಗಿಸುತ್ತಿದ್ದಳು. ಗದ್ದದ ಮೇಲೆ ರೂಪಾಯಿ ಅಗಲದ ಕೆಂಪು ಗಾಯ ಸದಾ ಇರುತ್ತಿತ್ತು. ಇಷ್ಟಾದರೂ ತಂಡದಲ್ಲಿ ಅವಳಿಗಿಂತ ಚುರುಕಾದವರು ಇಬ್ಬರೇ. ಇಂಟರ್ನೆಟ್ಟಿನಲ್ಲಿ ಎದುರಾಗುವ ದೂರದ ಊರುಗಳ ಆಟಗಾರರಿಗೆ ಅವಳ ಕೈಯ ವಿಷಯ ಗೊತ್ತೇ ಇರಲಿಲ್ಲ. "ಆಟದಾಗ ನನಗ ಯಾರೂ 'ಪಾಪ' ಅನ್ನಂಗಿಲ್ರಿ ಕಾಕಾ," ಎಂದು ಒಮ್ಮೆ ನನಗೆ ಹೇಳಿದಳು. "ಸೋತ್ರ ಬೈತಾರ. ಅದ ಛಲೋ ಅನಸ್ತದ."

ಕಂಪನಿಯಲ್ಲಿ ಒಂದು ನಿಯಮವಿತ್ತು. ವಿಶೇಷ ಅಗತ್ಯವಿರುವ ಗ್ರಾಹಕರ ಸಾಧನದಲ್ಲಿ ಸೇವಾಕೇಂದ್ರವು ಮಾರ್ಪಾಡು ಮಾಡಬಹುದು. ಮಾಡಿದ್ದನ್ನು, ಬಳಸಿದ ವಸ್ತುಗಳನ್ನು ಪೂರ್ತಿ ಬರೆದಿಡಬೇಕು. ಮೇಲ್ವಿಚಾರಕರು ಪ್ರತಿ ಪುಟಕ್ಕೂ ಸಹಿ ಮಾಡಬೇಕು. ನಾನು ಅರ್ಜಿ ಹಾಕಿದೆ. ಒಪ್ಪಿಗೆ ಬಂತು. ರೇಣುಕಾಳ ಕಂಟ್ರೋಲರಿಗೆ ಐದು ಬೆರಳಿನಲ್ಲಿ ಆಡುವ ರೂಪ ಕೊಡಲು ಕೂತೆ.

ಬೆರಳು ಎಲ್ಲಿ ಬೀಳುತ್ತದೆಂದು ಗುರುತಿಸದೆ ಬಟನ್ನಿನ ಜಾಗ ಬದಲಿಸಲು ಬರುವುದಿಲ್ಲ. ಇದಕ್ಕೆ ನನ್ನದೊಂದು ಪದ್ಧತಿಯಿತ್ತು. ಕೇಂದ್ರದ ಗೋಡೆಯ ಮೇಲಿನ ದೇವರ ಫೋಟೋದ ಮುಂದಿನ ವಿಭೂತಿಗಟ್ಟಿಯನ್ನು ಪುಡಿಮಾಡಿ, ಬಟ್ಟೆಯಲ್ಲಿ ಸೋಸಿ, ಕಂಟ್ರೋಲರಿನ ಮೈಗೆ ತೆಳ್ಳಗೆ ಬಳಿಯುತ್ತಿದ್ದೆ. ಗ್ರಾಹಕರು ಒಂದು ಗಳಿಗೆ ಆಡಿದರೆ, ಬೆರಳು ಒತ್ತಿದ ಜಾಗ, ಜಾರಿದ ಜಾಗ, ಮುಟ್ಟಲು ಹೋಗಿ ಎಟುಕದೆ ಬಿಟ್ಟ ಜಾಗ ಎಲ್ಲವೂ ಸ್ಪಷ್ಟವಾಗಿ ಮೂಡುತ್ತಿದ್ದವು. ಸೀಮೆಸುಣ್ಣದಲ್ಲಿ ಮಾಡಿ ನೋಡಿದ್ದೆ, ಅದು ತರಿತರಿ. ವಿಭೂತಿಯಷ್ಟು ನುಣುಪು ಬೇರೊಂದಿಲ್ಲ.

ಮೊದಲ ದಿನ ಅದನ್ನು ನೋಡಿ ರೇಣುಕಾ ನಕ್ಕಳು. "ಕಂಟ್ರೋಲರಿಗೆ ದೀಕ್ಷಾ ಕೊಡಾಕತ್ತೀರೇನ್ರಿ ಕಾಕಾ?"

"ಸುಮ್ಕ ಆಡವ್ವ. ಬಳ್ಳು ಎಲ್ಲಿ ಬೀಳ್ತದ ನೋಡೂಣು."

"ಸೋತ್ರ ದೇವ್ರ ಮ್ಯಾಲೆ ಹಾಕ್ತೀನಿ ನೋಡ್ರಿ ಮತ್ತ."

ಮೂರು ವಾರ ಹಿಡಿಯಿತು. ಬಲಬದಿಯ ನಾಲ್ಕು ಬಟನ್‌ಗಳನ್ನು ಎಡಗೈಯ ನಾಲ್ಕು ಬೆರಳಿನ ಅಡಿಗೆ ಸಣ್ಣ ಸನ್ನೆಗೋಲುಗಳಾಗಿ ತಂದೆ. ಬಲ ಸ್ಟಿಕ್ಕನ್ನು ಕಿತ್ತು ಅಡಿಭಾಗಕ್ಕೆ ಕೂಡಿಸಿದೆ. ಕಂಟ್ರೋಲರನ್ನು ತೊಡೆಯ ಮೇಲಿಟ್ಟು ವಾಲಿಸಿದರೆ ಸಾಕು, ಅದು ತಿರುಗುತ್ತಿತ್ತು. ಸನ್ನೆಗೋಲುಗಳಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದೆ. ಗದ್ದ ಮುಟ್ಟಿಸದೆ ಮೊದಲ ಆಟ ಮುಗಿಸಿದ ದಿನ ಅವಳು ಗದ್ದ ಸವರಿಕೊಂಡು ಎರಡನೆಯ ಆಟ ಶುರುಮಾಡಿದಳು.

ಇಲ್ಲಿ ನನ್ನ ತಪ್ಪು. ಸನ್ನೆಗೋಲುಗಳಿಗಾಗಿ ಹೊದಿಕೆಯಲ್ಲಿ ಸೀಳು ತೆಗೆದ ಮೇಲೂ ನಾನು ಎರಡು ಸಲ ವಿಭೂತಿ ಬಳಿದು ಪರೀಕ್ಷಿಸಿದೆ. ಪುಡಿ ಸೀಳಿನೊಳಗೆ ಇಳಿಯಿತು. ಕುಂಚದಿಂದ ತೆಗೆದೆ. ಪೂರ್ತಿ ಹೋಗಿಲ್ಲವೆಂದು ನನಗೆ ಗೊತ್ತಿತ್ತು. ವರದಿಯ ನಾಲ್ಕನೆಯ ಪುಟದಲ್ಲಿ ಹೀಗೆ ಬರೆದೆ: "ಬೆರಳಿನ ಗುರುತಿಗೆ ವಿಭೂತಿ ಬಳಸಲಾಗಿದೆ. ಸೀಳುಗಳ ಮೂಲಕ ಸ್ವಲ್ಪ ಪುಡಿ ಒಳಸೇರಿದೆ. ತೇವವಿರುವ ದಿನಗಳಲ್ಲಿ ಅಂಟಾಗುವ ಸಾಧ್ಯತೆಯಿದ್ದು, ಮೂರು ತಿಂಗಳಿಗೆ ಬಿಚ್ಚಿ ಸ್ವಚ್ಛಗೊಳಿಸತಕ್ಕದ್ದು. ಇದಕ್ಕೆ ಜವಾಬ್ದಾರ ನಾನು." ಅದರ ಕೆಳಗೆ ನನ್ನ ಸಹಿ. ಅದರ ಪಕ್ಕ ಮೇಲ್ವಿಚಾರಕರ ಸಹಿ. ಅಂದು ಅವರು ಓದಿಯೇ ಸಹಿ ಮಾಡಿದರು. "ಪೂಜೆ ಸಾಮಾನು ಬೇರೆ ಬಳಸ್ತೀರಾ?" ಎಂದು ಕೇಳಿದ್ದರು. ಒಟ್ಟು ಏಳು ಪುಟ.

ಮೂರು ತಿಂಗಳು ತುಂಬುವ ಮೊದಲೇ ನನ್ನ ಸೇವೆ ಮುಗಿಯಿತು. ಸ್ವಚ್ಛಗೊಳಿಸುವ ದಿನವನ್ನು ನನ್ನ ಜಾಗಕ್ಕೆ ಬಂದವರ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತಿಸಿ ಹೊರಬಂದೆ. ಯಾರೂ ಅದನ್ನು ನೋಡಲಿಲ್ಲ. ಕಾಲುವೆಗೆ ನೀರು ಬಿಟ್ಟು, ಜವಳಗೇರಾದಲ್ಲಿ ಗದ್ದೆಗಳೆಲ್ಲ ತುಂಬಿ, ಗೋಡೆಗಳೂ ತೇವವಾಗುವ ದಿನಗಳು ಬಂದವು. ಒಂದು ಸನ್ನೆಗೋಲು ಅಂಟಿಕೊಂಡಿತು. ರೇಣುಕಾ ಕಂಟ್ರೋಲರನ್ನು ಕೇಂದ್ರಕ್ಕೆ ಒಪ್ಪಿಸಿದಳು. ಕೇಂದ್ರದವರು ಅದನ್ನು ಕಂಪನಿಯ ಪರೀಕ್ಷಾಲಯಕ್ಕೆ ಕಳಿಸಿದರು.

ಅದೇ ಹೊತ್ತಿಗೆ, ಹೊಸ ಕನ್ಸೋಲಿನ ಬಗ್ಗೆ ಆಟಗಾರರ ಅಭಿಪ್ರಾಯ ಕೇಳಲು ಲಿಂಗಸುಗೂರಿನ ಒಂದು ಕಲ್ಯಾಣಮಂಟಪದಲ್ಲಿ ಕಂಪನಿ ಸಭೆ ಕರೆಯಿತು. ಮೂರೂ ಊರಿನ ಪರವಾಗಿ ಒಬ್ಬರು ಮಾತಾಡಬೇಕಿತ್ತು. ಖಾಜಾ, ಅಮರೇಶ ಇಬ್ಬರೂ ತಮ್ಮ ತಮ್ಮ ಜಗಳ ಬದಿಗಿಟ್ಟು ರೇಣುಕಾಳ ಹೆಸರು ಕೊಟ್ಟರು. ಸಭೆಯ ದಿನ ಕಂಟ್ರೋಲರನ್ನು ಅಲ್ಲಿಯೇ ಹಿಂದಿರುಗಿಸುತ್ತೇವೆ ಎಂದು ಕೇಂದ್ರದಿಂದ ಫೋನ್ ಬಂದಿತ್ತು. ಅದನ್ನು ಕೈಯಲ್ಲಿ ಹಿಡಿದು, ಐದು ಬೆರಳಿನವರಿಗೂ ಒಂದು ಕಂಟ್ರೋಲರ್ ಮಾಡಿ ಎಂದು ಕೇಳುವುದು ಅವಳ ಯೋಚನೆ. ನಾಲ್ಕು ಸಾಲು ಬರೆದುಕೊಂಡಿದ್ದಳು. ಬಸ್ಸಿನಲ್ಲಿ ನನಗೆ ಓದಿ ತೋರಿಸಿದಳು.

ಅವಳ ಸರದಿ ಬರುವ ಮೊದಲು ಮೇಲ್ವಿಚಾರಕರು ವೇದಿಕೆಗೆ ಬಂದರು. ದೊಡ್ಡ ಪರದೆಯ ಮೇಲೆ ಒಂದು ಚಿತ್ರ ಮೂಡಿತು. ಬಿಚ್ಚಿ ಹರಡಿದ ಕಂಟ್ರೋಲರ್. ತುಂಡು ತುಂಡಾದ ಸನ್ನೆಗೋಲುಗಳು, ಸೈಕಲ್ ಟ್ಯೂಬಿನ ರಬ್ಬರ್, ಮೂಲೆಗಳಲ್ಲಿ ಬಿಳಿ ಗಟ್ಟಿ.

"ಹೊಸ ಕಂಟ್ರೋಲರನ್ನು ನಾವು ಯಾಕೆ ಸೀಲ್ ಮಾಡ್ತಿದ್ದೀವಿ ಅಂತ ತುಂಬ ಜನ ಕೇಳ್ತಾರೆ," ಎಂದರು ಅವರು. "ಈ ಭಾಗದ ಗ್ರಾಹಕರು ಸಾಧನಾನ ಹೇಗೆ ಇಟ್ಕೋತಾರೆ ನೋಡಿ. ಒಳಗೆಲ್ಲ ಪೌಡರ್."

"ಮೋತಿಗೆ ಹಚ್ಚೋ ಪೌಡರೇನ್ರೀ?" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಸಭೆ ನಕ್ಕಿತು. ಮೇಲ್ವಿಚಾರಕರೂ ನಕ್ಕರು. "ದುರುಪಯೋಗ. ಇಂಥ ಸಾಧನದ ಸಂಖ್ಯೆ, ಅದರ ಮಾಲೀಕರ ಆಟದ ಖಾತೆ ಎರಡನ್ನೂ ನಾವು ಶಾಶ್ವತವಾಗಿ ನಿಲ್ಲಿಸ್ತೀವಿ."

ಸಂಖ್ಯೆ ಪರದೆಯ ಮೇಲೆಯೇ ಇತ್ತು. ರೇಣುಕಾ ಅದನ್ನು ತುಟಿ ಅಲುಗಿಸುತ್ತ ಓದಿದಳು.

ನಾನು ಎದ್ದು ನಿಂತೆ. "ಅದು ನನ್ನ ವಿಭೂತಿ. ನಾನು ಹಚ್ಚಿದ್ದು. ನಾಲ್ಕನೆಯ ಪುಟದಲ್ಲಿ ಬರೆದಿದ್ದೇನೆ. ನೀವು ಸಹಿ ಮಾಡಿದ್ದೀರಿ," ಎಂದೆ.

ಅವರು ನನ್ನನ್ನು ಗುರುತಿಸಿದರು. ಗುರುತಿಸಿದ್ದು ಅವರ ಮುಖದಲ್ಲಿ ಕಂಡಿತು. "ಇವರು ನಮ್ಮ ನಿವೃತ್ತ ನೌಕರರು," ಎಂದು ಸಭೆಗೆ ಹೇಳಿದರು. "ವಯಸ್ಸಾಗಿದೆ. ಕಡತದಲ್ಲಿ ಅಂಥ ಪುಟ ಯಾವುದೂ ಇಲ್ಲ."

"ಮೈಕ್ ಕಾಕಾಗ ಕೊಡ್ರಿ!" ಎಂದು ಖಾಜಾ ಕೂಗಿದ. ಮೈಕ್ ಬರಲಿಲ್ಲ. ಅಮರೇಶ ವೇದಿಕೆಯ ಕಡೆಗೆ ಹೋದ. ಅವನನ್ನು ಇಬ್ಬರು ತಡೆದರು. ಮುಂದಿನ ಹೆಸರು ಎಂದು ರೇಣುಕಾಳನ್ನು ಕರೆದಾಗ ಅವಳ ಕುರ್ಚಿ ಖಾಲಿಯಿತ್ತು. ಬರೆದುಕೊಂಡಿದ್ದ ಹಾಳೆ ಕುರ್ಚಿಯ ಮೇಲಿತ್ತು.

ಮರುವಾರ ಕಡತದ ಪ್ರತಿಗಾಗಿ ಅರ್ಜಿ ಹಾಕಿದೆ. ಬಂತು. ಒಂದು, ಎರಡು, ಮೂರು, ಐದು, ಆರು, ಏಳು. ಕೇಳಿದ್ದಕ್ಕೆ, ಸ್ಕ್ಯಾನ್ ಮಾಡುವಾಗ ಬಿಟ್ಟುಹೋಗಿರಬಹುದು ಎಂದರು. ಮೂಲ ಪ್ರತಿ ತೋರಿಸಿ ಎಂದೆ. ಸಿಗುತ್ತಿಲ್ಲ ಎಂದರು. ನನ್ನ ಕಾರ್ಬನ್ ಪ್ರತಿ ಕಳಿಸಿದೆ. ಕಾರ್ಬನ್ ಪ್ರತಿಗೆ ಮಾನ್ಯತೆಯಿಲ್ಲ ಎಂದು ಫೋನಿನಲ್ಲಿ ಹೇಳಿದರು, ಬರೆದು ಕೊಡಲಿಲ್ಲ. ಪುಡಿ ಹಾಕಿದ್ದು ತಮ್ಮ ಕೇಂದ್ರವೇ ಎಂದಾದರೆ ಕಂಪನಿ ಹೊಸ ಕಂಟ್ರೋಲರ್ ಕೊಡಬೇಕಾಗುತ್ತದೆ, ಸಹಿ ಮಾಡಿದವರು ಮೇಲಿನವರಿಗೆ ಉತ್ತರ ಹೇಳಬೇಕಾಗುತ್ತದೆ. ಗ್ರಾಹಕಿ ಹಾಕಿದ್ದು ಎಂದಾದರೆ ಯಾರೂ ಯಾರಿಗೂ ಉತ್ತರ ಹೇಳಬೇಕಿಲ್ಲ.

ಕಳೆದ ತಿಂಗಳು ಜವಳಗೇರಾಕ್ಕೆ ಹೋಗಿದ್ದೆ. ಖಾಜಾ ಬೇರೆ ಹೆಸರಿನಲ್ಲಿ ಖಾತೆ ತೆರೆದು ಕೊಡುತ್ತೇನೆಂದು ಎರಡು ಸಲ ಹೋಗಿ ಬಂದಿದ್ದ. ಅವಳು ಒಪ್ಪಿರಲಿಲ್ಲ. ಸಾಮಾನ್ಯ ಕಂಟ್ರೋಲರಿನಲ್ಲಿ ಮತ್ತೆ ಗದ್ದ ಇಟ್ಟು ಆಡಲೂ ಒಪ್ಪಿರಲಿಲ್ಲ. ತಂಡದ ಕರೆ ಬಂದರೆ ಫೋನ್ ಎತ್ತುತ್ತಿರಲಿಲ್ಲ. ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಮೊರವನ್ನು ಮೊಣಕಾಲಿಗೆ ಆನಿಸಿಕೊಂಡು, ಎಡಗೈಯಿಂದ ಅಕ್ಕಿ ಆರಿಸುತ್ತಿದ್ದಳು. ನಾನು ಕಾರ್ಬನ್ ಪ್ರತಿಯನ್ನು ಅವಳ ಮುಂದಿಟ್ಟೆ. ಓದಲಿಲ್ಲ.

"ಕಾಕಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದಳು.

"ಕೇಳವ್ವ."

"ನೀವು ವಿಭೂತಿ ವರಸಿ ತಗದಿದ್ರಿ. ನನ್ನ ಕಣ್ಣಾರೆ ನೋಡೀನಿ. ಮನ್ಯಾಗ ನಮ್ಮವ್ವ ದಿನಾ ಪೂಜಾ ಮಾಡ್ತಾಳ. ಆ ಕೈಲೆ ನಾನ ಮುಟ್ಟಿರಬೇಕೇನು? ನನ್ನ ಕೈ ಭಾಳ ಬೆವರ್ತದ. ಖರೇ ಹೇಳ್ರಿ. ನಾ ಕೆಡಿಸೀನೇನ್ರಿ?"

ಗಿರಣಿಯ ಪಟ್ಟಾ ಕೈ ಎಳೆದುಕೊಂಡಾಗಲೂ ಗಿರಣಿಯವರು, ಎಚ್ಚರ ತಪ್ಪಿದವಳು ನೀನೇ ಎಂದು ಬರೆಸಿಕೊಂಡಿದ್ದರಂತೆ. ಅದನ್ನು ಅವಳು ಅಂದೇ ಮೊದಲ ಸಲ ನನಗೆ ಹೇಳಿದಳು.

ನಾನು ಅವಳಿಗೆ ಹೇಳಬೇಕಾದದ್ದನ್ನು ಹೇಳಿದೆ. ಕೆಡಿಸಿದವನು ನಾನು, ಬಚ್ಚಿಟ್ಟವರು ಅವರು, ನಿನ್ನದೇನೂ ಇಲ್ಲ ಎಂದೆ. ಅವಳು ತಲೆಯಾಡಿಸಿದಳು. ನಂಬಲಿಲ್ಲ. ದೊಡ್ಡ ಪರದೆಯ ಮೇಲೆ, ಮುನ್ನೂರು ಜನರ ಎದುರು ಕಂಡದ್ದನ್ನು ಒಬ್ಬ ಮುದುಕನ ಮಾತು ಅಳಿಸಲಾರದು. ಅದನ್ನು ಅಳಿಸಬಲ್ಲವರು ತೋರಿಸಿದವರೇ.

ಆದ್ದರಿಂದ ಆ ಪುಟಕ್ಕೆ ಸಹಿ ಮಾಡಿದವರನ್ನು, ಅದನ್ನು ತೆಗೆದವರನ್ನು, ತೆಗೆದದ್ದು ತಿಳಿದೂ ಸುಮ್ಮನಿರುವವರನ್ನು ಕೇಳುತ್ತೇನೆ: ಆ ಹುಡುಗಿ ನನ್ನನ್ನು ಕೇಳಿದ ಪ್ರಶ್ನೆಗೆ, ಜವಳಗೇರಾದ ಆ ಕಟ್ಟೆಯ ಮೇಲೆ ಅವಳ ಎದುರು ಕೂತು, ಅವಳ ಮುಖ ನೋಡುತ್ತ, ನಿಮ್ಮಲ್ಲಿ ಯಾರು ಉತ್ತರ ಕೊಡುತ್ತೀರಿ?